ವಿಲ್ಲಿಸ್ ಜೀಪಿನ ಗೇರ್ ಬೀಳದಿದ್ದರೆ: ಬಾಕ್ಸ್ ಇಳಿಸುವ ಮುನ್ನ ನೋಡಬೇಕಾದ್ದು

ನಮ್ಮ ಜೀಪಿನ ಗೇರ್ ಬಾಕ್ಸನ್ನು ಮೊದಲ ಸಲ ಇಳಿಸಿದ್ದು ದಂಡಕ್ಕೆ. ರಿವರ್ಸಿಗೆ ಹಾಕಿದರೆ ಕರ್ರ್ ಎನ್ನುತ್ತಿತ್ತು, ಒಂದನೆಯ ಗೇರಿಗೆ ಎರಡು ಕೈ ಬೇಕಾಗುತ್ತಿತ್ತು. 'ಒಳಗೆ ಹಲ್ಲು ಹೋಗಿದೆ' ಎಂದ ಮೇಸ್ತ್ರಿಯ ಮಾತು ನಂಬಿ ಎರಡು ದಿನ ನೆಲದ ಮೇಲೆ ಅಂಗಾತ ಮಲಗಿ ಇಳಿಸಿದೆವು. ಹಲ್ಲುಗಳು ನೆಟ್ಟಗಿದ್ದವು. ಮತ್ತೆ ಏರಿಸಿದ ಮೇಲೂ ಅದೇ ಕರ್ರ್. ಕೊನೆಗೆ ಸಿಕ್ಕಿಬಿದ್ದ ಕಳ್ಳ ಕ್ಲಚ್ ಪೆಡಲಿನ ಕೆಳಗಿದ್ದ ಒಂದು ಕ್ಲೆವಿಸ್ ಪಿನ್, ಅಂದರೆ ಎರಡು ಲಿಂಕುಗಳನ್ನು ಜೋಡಿಸುವ ಗೂಟ. ಅದು ಕೂರುವ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಪೆಡಲು ಪೂರ್ತಿ ಕೆಳಗೆ ಹೋದರೂ ಆ ಚಲನೆಯ ಒಂದು ಪಾಲು ತೂತಿನೊಳಗೇ ಮುಗಿದುಹೋಗುತ್ತಿತ್ತು, ಕ್ಲಚ್ಚಿಗೆ ತಲುಪುತ್ತಿರಲಿಲ್ಲ.

ಹಾಗಾಗಿ ಈ ಮಾರ್ಗದರ್ಶಿ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಮೊದಲು ಕೈಗೆ ಸಿಗುವುದು, ಆಮೇಲೆ ಪಾನಾ ಬೇಡುವುದು, ಬಾಕ್ಸ್ ಇಳಿಸುವುದು ಕಟ್ಟಕಡೆಗೆ.

ಮೊದಲು ನಿಮ್ಮದು ಯಾವ ಬಾಕ್ಸ್ ಎಂದು ನೋಡಿ

ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಮತ್ತು ಅದರ ಅವಳಿ ಫೋರ್ಡ್ ಜಿಪಿಡಬ್ಲ್ಯೂ, 1941ರಿಂದ 1945ರವರೆಗೆ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ತಯಾರಾದವು. ಎರಡರಲ್ಲೂ ಇರುವುದು ವಾರ್ನರ್ ಗೇರ್ ಕಂಪನಿಯ ಟಿ-84 ಎಂಬ ಮೂರು ಗೇರಿನ ಬಾಕ್ಸ್. ಅದರ ಬೆನ್ನಿಗೆ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್, ಅಂದರೆ ಬಲವನ್ನು ಹಿಂದಿನ, ಮುಂದಿನ ಆಕ್ಸಲಿಗೆ ಹಂಚುವ, ಹೈ ಮತ್ತು ಲೋ ಎಂಬ ಎರಡು ಹಂತಗಳ ಪೆಟ್ಟಿಗೆ. ಯುದ್ಧ ಮುಗಿದ ಮೇಲೆ ಬಂದ ಸಿವಿಲ್ ಜೀಪುಗಳಿಗೂ, ಮಹೀಂದ್ರಾದ ಸಿಜೆ-3ಬಿಗೂ ಟಿ-90 ಬಂತು. ನಮ್ಮ ಕೊಡಗು, ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ಡಿಸ್ಪೋಸಲ್ ಜೀಪು, ಅಂದರೆ ಸೇನೆ ಮಾರಿದ ಜೀಪು ಎಂದು ಹೇಳಿಕೊಂಡು ಓಡಾಡುವ ಗಾಡಿಗಳಲ್ಲಿ ಹೊರಗೆ ಮಿಲಿಟರಿ ಗ್ರಿಲ್, ಒಳಗೆ ಟಿ-90 ಇರುವುದು ಅಪರೂಪವೇನಲ್ಲ. ಬಾಕ್ಸಿನ ಪಕ್ಕದ ಮಣ್ಣು, ಗ್ರೀಸು ಕೆರೆದು ಎರಕದಲ್ಲಿ ಉಬ್ಬಿರುವ ನಂಬರ್ ಓದಿ. ಟಿ-84ರ ಸಾಮಾನು ಟಿ-90ಗೆ ಕೂರುವುದಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನವರೆಗೆ ಹೋಗಿ ತಪ್ಪು ಸಾಮಾನು ಹಿಡಿದು ಬರುವುದು ಬೇಡ. ಈ ಬರಹ ಟಿ-84 ಕುರಿತದ್ದು. ಟಿ-90 ಇರುವವರಿಗೂ ಬಹುಪಾಲು ಹೊಂದುತ್ತದೆ, ಅಳತೆಗಳನ್ನು ಮಾತ್ರ ಅವರವರ ಕೈಪಿಡಿಯಿಂದ ತೆಗೆದುಕೊಳ್ಳಲಿ.

ಗೇರುಗಳ ಜಾಗ ಹೊಸಬರಿಗೆ ವಿಚಿತ್ರ ಅನ್ನಿಸಬಹುದು. ಎಡಕ್ಕೆ ಮುಂದೆ ರಿವರ್ಸ್, ಎಡಕ್ಕೆ ಹಿಂದೆ ಒಂದು, ಬಲಕ್ಕೆ ಮುಂದೆ ಎರಡು, ಬಲಕ್ಕೆ ಹಿಂದೆ ಮೂರು. ಎರಡಕ್ಕೂ ಮೂರಕ್ಕೂ ಸಿಂಕ್ರೊ, ಅಂದರೆ ಹಲ್ಲು ಕೂಡುವ ಮುನ್ನ ವೇಗ ಸಮ ಮಾಡುವ ಏರ್ಪಾಡು ಇದೆ. ಒಂದಕ್ಕೂ ರಿವರ್ಸಿಗೂ ಇಲ್ಲ. ಓಡುತ್ತಿರುವ ಗಾಡಿಯನ್ನು ಒಂದಕ್ಕೆ ತಂದಾಗ ಹಲ್ಲು ಕಿರುಗುಟ್ಟಿದರೆ ಅದು ರೋಗವಲ್ಲ, ಚಾಲಕನ ತಪ್ಪು. ಪೂರ್ತಿ ನಿಲ್ಲಿಸಿ ಹಾಕಿ, ಇಲ್ಲವೇ ಡಬಲ್ ಕ್ಲಚ್ ಕಲಿಯಿರಿ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಸ್ವಲ್ಪ ಏರಿಸಿ, ಮತ್ತೆ ಕ್ಲಚ್ ಒತ್ತಿ ಒಂದು.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಎಚ್ಚರಿಕೆ. ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರಗಳಲ್ಲಿ ಇಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲರ್ ಶಾಫ್ಟಿನ ಬುಡದಲ್ಲಿದೆ. ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ, ಕಲ್ಲು ಅಂದರೆ ಕಲ್ಲು, ತೆಂಗಿನ ಮಟ್ಟೆ ಅಲ್ಲ. ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ.

ಮೂರು ಪರೀಕ್ಷೆ, ಒಂದೂ ಪಾನಾ ಬೇಡ

ಮೊದಲನೆಯದು, ಎಂಜಿನ್ ಆಫ್ ಮಾಡಿ ಎಲ್ಲ ಗೇರನ್ನೂ ಒಂದೊಂದಾಗಿ ಹಾಕಿ. ಹಲ್ಲಿಗೆ ಹಲ್ಲು ಎದುರಾಗಿ ನಿಂತರೆ ಬೀಳುವುದಿಲ್ಲ, ಆಗ ಗಾಡಿಯನ್ನು ಒಂದು ಗೇಣು ಹಿಂದೆ ಮುಂದೆ ಅಲುಗಾಡಿಸಿ ಮತ್ತೆ ಪ್ರಯತ್ನಿಸಿ. ಎಂಜಿನ್ ಆಫ್ ಇರುವಾಗ ಬೆಣ್ಣೆಯಂತೆ ಬಿದ್ದು, ಆನ್ ಇರುವಾಗ ಮಾತ್ರ ಕಚ್ಚಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಆಫ್ ಇದ್ದಾಗಲೂ ಬಿಗಿಯಿದ್ದರೆ ದೋಷ ಲಿವರಿನಲ್ಲಿ, ಮೇಲಿನ ಕವರಿನಲ್ಲಿ, ಇಲ್ಲವೇ ಬಾಕ್ಸಿನ ಒಳಗೆ. ಇಷ್ಟು ಗೊತ್ತಾದರೆ ಅರ್ಧ ದಾರಿ ಮುಗಿದಂತೆ.

ಎರಡನೆಯದು, ಎಂಜಿನ್ ಬಿಸಿಯಾಗಿ ಸುಮಾರು 600 ಆರ್‌ಪಿಎಮ್ ಐಡಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ನಿಧಾನವಾಗಿ ಹತ್ತು ಎಣಿಸಿ, ನಂತರ ರಿವರ್ಸ್ ಹಾಕಿ. ಎಣಿಸದೆ ಹಾಕಿದರೆ ಕರ್ರ್, ಎಣಿಸಿ ಹಾಕಿದರೆ ಮೌನ, ಹೀಗಾದರೆ ಚಿಂತೆಯಿಲ್ಲ. ಒಳಗಿನ ಶಾಫ್ಟ್ ತಿರುಗುವುದು ನಿಲ್ಲಲು ಅಷ್ಟು ಹೊತ್ತು ಬೇಕು, ಐಡಲ್ ಜಾಸ್ತಿ ಇದ್ದರೆ ಇನ್ನೂ ಹೊತ್ತು ಬೇಕು. ಹತ್ತು ಎಣಿಸಿದ ಮೇಲೂ ಕಚ್ಚಿದರೆ ಎಂಜಿನ್ನಿನಿಂದ ಶಾಫ್ಟಿಗೆ ಏನೋ ಒಂದು ಸುತ್ತು ರವಾನೆಯಾಗುತ್ತಲೇ ಇದೆ.

ಮೂರನೆಯದಕ್ಕೆ ಎಂಜಿನ್ ಆಫ್, ಮೂರನೇ ಗೇರ್, ಟ್ರಾನ್ಸ್‌ಫರ್ ಕೇಸ್ ಹೈನಲ್ಲಿ. ಒಬ್ಬರು ಕ್ಲಚ್ ಒತ್ತಿ ಕೂರಲಿ, ಇಬ್ಬರು ಸಮನೆಲದಲ್ಲಿ ತಳ್ಳಲಿ. ಹಗುರವಾಗಿ ಉರುಳಿದರೆ ಕ್ಲಚ್ ಬಿಡುತ್ತಿದೆ. ತಳ್ಳುವವರ ಬೆನ್ನು ಬಾಗಿದರೂ ಗಾಡಿ ಅಲುಗದಿದ್ದರೆ ಕ್ಲಚ್ ಪ್ಲೇಟು ಎಂಜಿನ್ನಿನ ಹಿಂದಿರುವ ಫ್ಲೈವೀಲಿಗೆ ಅಂಟಿದೆ.

ಕ್ಲಚ್ ಬಿಡುತ್ತಿಲ್ಲ ಎಂದಾದರೆ

ಪೆಡಲಿನ ಫ್ರೀ ಪ್ಲೇಯಿಂದ ಶುರು ಮಾಡಿ. ಬೆರಳಲ್ಲಿ ಒತ್ತಿದಾಗ ಭಾರ ಸಿಗುವ ಮುನ್ನ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರಿನಷ್ಟು ಸಡಿಲ ಚಲನೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಕ್ಲಚ್ ಅರ್ಧವೇ ಬಿಡುತ್ತದೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು ಬೇಗ ಕೂಗಲು ಶುರುಮಾಡುತ್ತದೆ, ಪ್ಲೇಟೂ ಜಾರುತ್ತದೆ. ಎಂಬಿಯಲ್ಲಿ ಅಡ್ಡ ಶಾಫ್ಟಿನಿಂದ ರಿಲೀಸ್ ಫೋರ್ಕಿಗೆ ಒಂದು ಗಿಡ್ಡ ಕೇಬಲ್ ಹೋಗುತ್ತದೆ. ಅದರ ತುದಿಯ ಲಾಕ್ ನಟ್ ಸಡಿಲಿಸಿ, ಕೇಬಲನ್ನು ತಿರುಗಿಸಿ ಅಳತೆಗೆ ತನ್ನಿ, ಮತ್ತೆ ನಟ್ ಬಿಗಿಮಾಡಿ.

ಆದರೆ ಅಡ್ಜಸ್ಟ್ ಮಾಡಿದೊಡನೆ ಎದ್ದು ಬರಬೇಡಿ, ಏಕೆಂದರೆ ನಾನು ಎಡವಿದ್ದು ಅಲ್ಲೇ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡುತ್ತಾ, ಮೇಲಿನವರಿಗೆ ಪೆಡಲನ್ನು ಅತಿ ನಿಧಾನವಾಗಿ ಒತ್ತಲು ಹೇಳಿ. ಪೆಡಲು ಹೊರಟಿತು, ಶಾಫ್ಟ್ ಇನ್ನೂ ಹೊರಟಿಲ್ಲ: ಅಲ್ಲೊಂದು ಸವೆತ. ಶಾಫ್ಟ್ ತಿರುಗುವ ಬದಲು ಮೊದಲು ಮೇಲಕ್ಕೆ ಎದ್ದು ನಂತರ ತಿರುಗಿತು: ಅದರ ಕೊನೆಯ ಬುಶ್ ಹೋಗಿದೆ. ಕೇಬಲಿನ ಎಳೆಗಳು ತುದಿಯಲ್ಲಿ ಮೀಸೆಯಂತೆ ಬಿಚ್ಚಿಕೊಂಡಿವೆ: ಇನ್ನೊಂದು ವಾರಕ್ಕೆ ದಾರಿ ಮಧ್ಯೆ ಕೈಕೊಡುತ್ತದೆ. ಪ್ರತಿ ಜೋಡಣೆಯಲ್ಲೂ ಕೂದಲೆಳೆಯಷ್ಟು ಸವೆತವಿದ್ದರೂ ಕೂಡಿಸಿದರೆ ಕ್ಲಚ್ಚಿನ ಪಾಲಿಗೆ ಉಳಿಯುವುದು ಏನೂ ಇಲ್ಲ. ತೂತಿಗೆ ಬ್ರೇಜಿಂಗ್ ತುಂಬಿ ಮತ್ತೆ ಕೊರೆಸಿ, ಹೊಸ ಪಿನ್ ಹಾಕಿದರೆ ಆಯಿತು. ಯಾವ ಲೇತಿನವನೂ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಎಂಜಿನ್ನಿನ ಹಿಂಬದಿಗೂ ಚಾಸಿಯ ಅಡ್ಡಪಟ್ಟಿಗೂ ನಡುವೆ ಈ ಜೀಪಿನಲ್ಲಿ ಒಂದು ಸ್ಟೇ ಕೇಬಲ್ ಇರುತ್ತದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಕ್ಲಚ್ ಒತ್ತಿದಾಗ ಆ ಬಲಕ್ಕೆ ಇಡೀ ಎಂಜಿನ್ ಮುಂದಕ್ಕೆ ಜರುಗದಂತೆ ಹಿಡಿಯುವುದು ಆ ಕೇಬಲಿನ ಕೆಲಸ. ಹಳೆಯ ಗಾಡಿಗಳಲ್ಲಿ ಯಾರೋ ಯಾವಾಗಲೋ ಎಂಜಿನ್ ಇಳಿಸಿ, ಕೂರಿಸುವಾಗ 'ಇದೇನು ದಾರ' ಎಂದು ಬಿಸಾಡಿರುತ್ತಾರೆ. ಬಾನೆಟ್ ತೆರೆದು, ಪೆಡಲ್ ಒತ್ತಿಸಿ, ಎಂಜಿನ್ ಜರುಗುತ್ತದೆಯೇ ನೋಡಿ. ಜರುಗಿದರೆ ರಬ್ಬರ್ ಬದಲಿಸಿ, ಸ್ಟೇ ಕೇಬಲ್ ಹಾಕಿಸಿ. ತಂತಿ ಎಳೆದಂತೆ ಬಿಗಿ ಮಾಡುವುದು ಬೇಡ, ಜೋಲು ತೆಗೆದರೆ ಸಾಕು.

ಮಳೆಗಾಲ ಕಳೆದು ಶೆಡ್ಡಿನಿಂದ ಹೊರತೆಗೆದ ಜೀಪಿನ ಕಥೆ ಬೇರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಿಂತಲ್ಲೇ ನಿಂತರೆ ಮಲೆನಾಡಿನ ಥಂಡಿಗೆ ಫ್ಲೈವೀಲಿನ ಮೇಲೆ ತುಕ್ಕು ಬಂದು ಪ್ಲೇಟನ್ನು ಹಿಡಿದುಬಿಡುತ್ತದೆ. ಇದಕ್ಕೆ ಬಾಕ್ಸ್ ಇಳಿಸುವ ಮೊದಲು ಒಂದು ಉಪಾಯ ಮಾಡಿ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಆಫ್ ಮಾಡಿ. ಮುಂದೆ ಯಾರೂ, ಏನೂ ಇಲ್ಲದ ಬಯಲಿನಲ್ಲಿ ಗೇರ್ ಹಾಕಿಕೊಂಡೇ ಸ್ಟಾರ್ಟರ್ ಒತ್ತಿ ಗಾಡಿ ಹೊರಡಿಸಿ. ಕ್ಲಚ್ ಪೂರ್ತಿ ಒತ್ತಿಕೊಂಡೇ ಇದ್ದು ಆಕ್ಸಿಲರೇಟರ್ ಒಮ್ಮೆ ಒತ್ತಿ, ಒಮ್ಮೆ ಬಿಟ್ಟು, ಜೊತೆಗೆ ಬ್ರೇಕ್ ತಟ್ಟಿ. ಟಕ್ ಎಂದು ಬಿಡುತ್ತದೆ. ಬ್ರೇಕ್ ಸರಿಯಿಲ್ಲದ ಗಾಡಿಯಲ್ಲಿ ಈ ಸಾಹಸ ಬೇಡವೇ ಬೇಡ. ಮುಂದಿನ ಮಳೆಗಾಲಕ್ಕೆ ಪೆಡಲನ್ನು ಒತ್ತಿಹಿಡಿದು ಸೀಟಿಗೂ ಪೆಡಲಿಗೂ ನಡುವೆ ಒಂದು ರೀಪರು ಸಿಕ್ಕಿಸಿ ನಿಲ್ಲಿಸಿ.

ಲಿಂಕೇಜ್ ಸರಿ, ಪ್ಲೇಟ್ ಅಂಟಿಲ್ಲ, ಆದರೂ ಹತ್ತು ಎಣಿಸಿದ ಮೇಲೆ ಕರ್ರ್ ಎನ್ನುತ್ತದೆಯೆಂದರೆ ಅನುಮಾನ ಪೈಲಟ್ ಬುಶ್ಶಿನ ಮೇಲೆ. ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಕ್ರ್ಯಾಂಕ್ ಶಾಫ್ಟಿನ ಕೊನೆಯಲ್ಲಿ ಈ ಚಿಕ್ಕ ಬುಶ್ಶಿನೊಳಗೆ ಕೂರುತ್ತದೆ. ಬುಶ್ ಒಣಗಿ ಹಿಡಿದರೆ ಕ್ಲಚ್ ಬಿಟ್ಟರೂ ಶಾಫ್ಟ್ ಎಂಜಿನ್ ಜೊತೆಗೇ ತಿರುಗುತ್ತದೆ. ಇದನ್ನು ನೋಡಲು ಬಾಕ್ಸ್ ಇಳಿಸದೆ ದಾರಿಯಿಲ್ಲ. ಬಗ್ಗಿದ ಪ್ಲೇಟು, ಏರುಪೇರಾದ ಪ್ರೆಶರ್ ಪ್ಲೇಟಿನ ಬೆರಳುಗಳು, ಇವಕ್ಕೂ ಅದೇ ಗತಿ.

ಎಣ್ಣೆ

ಟಿ-84ಕ್ಕೆ ಬೇಕಾದ್ದು ಮುಕ್ಕಾಲು ಅಮೆರಿಕನ್ ಕ್ವಾರ್ಟ್, ಸುಮಾರು 0.7 ಲೀಟರ್. ಟ್ರಾನ್ಸ್‌ಫರ್ ಕೇಸಿಗೆ ಒಂದೂವರೆ ಕ್ವಾರ್ಟ್, ಸುಮಾರು 1.4 ಲೀಟರ್. ನಮ್ಮ ಹವೆಗೆ ವರ್ಷಪೂರ್ತಿ ಎಸ್‌ಎಇ 90 ನಡೆಯುತ್ತದೆ. ಕ್ಯಾನ್ ಮೇಲೆ ಜಿಎಲ್-4 ಎಂದಿರಲಿ. ಅಂಗಡಿಯವರು 'ಇದು ಇನ್ನೂ ಒಳ್ಳೆಯದು' ಎಂದು ಜಿಎಲ್-5 ಕೊಡುತ್ತಾರೆ. ಡಿಫರೆನ್ಷಿಯಲ್‌ಗೆ ಅದು ಒಳ್ಳೆಯದೇ. ಆದರೆ ಈ ಬಾಕ್ಸಿನ ಸಿಂಕ್ರೊ ರಿಂಗುಗಳು ಹಿತ್ತಾಳೆಯವು, ಕೋನಿನ ಮೇಲೆ ಕಚ್ಚಿಹಿಡಿದೇ ಗೇರಿನ ವೇಗ ಸಮ ಮಾಡುವಂಥವು. ಜಿಎಲ್-5ರಲ್ಲಿರುವ ಹೆಚ್ಚಿನ ಗಂಧಕದ ರಾಸಾಯನಿಕ ಹಿತ್ತಾಳೆಗೆ ಒಗ್ಗುವುದಿಲ್ಲ, ಅತಿ ನುಣುಪು ಎಣ್ಣೆಯಲ್ಲಿ ರಿಂಗಿಗೆ ಹಿಡಿತವೂ ಸಿಗುವುದಿಲ್ಲ. ಎಣ್ಣೆ ಬದಲಿಸಿದ ಮೇಲೆ ಎರಡನೆಯದು ಕಚ್ಚಲು ಶುರುವಾಗಿದ್ದರೆ ಮೊದಲು ಆ ಕ್ಯಾನನ್ನು ಹುಡುಕಿ ಓದಿ.

ಬಾಕ್ಸಿನ ಮೇನ್ ಶಾಫ್ಟ್ ನೇರ ಟ್ರಾನ್ಸ್‌ಫರ್ ಕೇಸಿನೊಳಗೆ ಹೋಗುತ್ತದೆ, ನಡುವೆ ಇರುವುದು ಒಂದು ಆಯಿಲ್ ಸೀಲ್. ಅದು ಹೋದರೆ ಎಣ್ಣೆ ಮನೆ ಬದಲಿಸುತ್ತದೆ: ಒಂದರಲ್ಲಿ ಬತ್ತಿ ಇನ್ನೊಂದರಲ್ಲಿ ಉಕ್ಕುತ್ತದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇರುವುದಿಲ್ಲ. ಆದ್ದರಿಂದ ಎರಡರ ಪ್ಲಗ್ಗನ್ನೂ ಒಟ್ಟಿಗೆ ತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಹಳ್ಳ ದಾಟಿದಾಗ ನೀರು ಸೇರಿದೆ. ಇಳಿಸಿದ ಎಣ್ಣೆಯನ್ನು ಬಟ್ಟಲಲ್ಲಿ ಹಿಡಿದು ಆಯಸ್ಕಾಂತ ಆಡಿಸಿ. ಬೂದಿಯಂಥ ಕಬ್ಬಿಣದ ಪುಡಿ ವಯಸ್ಸಿನದು, ಸಹಜ. ಉಗುರಿನಷ್ಟು ಚೂರು ಸಿಕ್ಕರೆ ಹಲ್ಲು ಮುರಿದಿದೆ. ಆಯಸ್ಕಾಂತಕ್ಕೆ ಅಂಟದ ಹಳದಿ ಹೊಳಪು ಕಂಡರೆ ಅದು ಸಿಂಕ್ರೊ ರಿಂಗಿನದು, ಇಲ್ಲವೇ ಥ್ರಸ್ಟ್ ವಾಷರಿನದು.

ಲಿವರು ಮತ್ತು ಮೇಲಿನ ಕವರು

ಲಿವರ್ ಗಂಜಿಯಲ್ಲಿ ಸೌಟು ತಿರುಗಿಸಿದಂತೆ ಎಲ್ಲೆಂದರಲ್ಲಿ ಹೋಗುತ್ತಿದ್ದರೆ, ಎರಡನೆಯದು ಹುಡುಕುವಾಗ ರಿವರ್ಸ್ ತಗಲುತ್ತಿದ್ದರೆ, ನೋಡಬೇಕಾದ್ದು ಇಲ್ಲಿ. ನೆಲದ ತಗಡು ಬಿಚ್ಚಿ ಲಿವರ್ ಹೊರತೆಗೆಯಿರಿ. ಅದರ ಕೆಳತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಗುಂಡಗೆ, ಭರ್ತಿಯಾಗಿ ಇರಬೇಕಾದ ತುದಿ ಎರಡು ಕಡೆ ಚಪ್ಪಟೆಯಾಗಿ, ಅಂಚು ಹರಿತವಾಗಿ ಕಾಣುತ್ತದೆ. ಬೆರಳು ಸವರಿದರೆ ಗೊತ್ತಾಗುತ್ತದೆ. ಈ ತುದಿ ಗೇರು ಜರುಗಿಸುವ ಫೋರ್ಕಿನ ತೋಡಿನೊಳಗೆ ಕೂತು ಅದನ್ನು ಜರುಗಿಸಬೇಕು. ಸವೆದಾಗ ಜಾರಿ ಎರಡು ಫೋರ್ಕುಗಳ ನಡುವೆ ಬೀಳುತ್ತದೆ. ವೆಲ್ಡಿಂಗ್ ತುಂಬಿಸಿ ಅರ ಹಿಡಿದು ಮೂಲದ ಆಕಾರಕ್ಕೆ ತರಬಹುದು. ಅವಸರ ಬೇಡ, ಒಂದಿಷ್ಟು ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿ.

ಗೇರ್ ಸಿಕ್ಕಿಹಾಕಿಕೊಂಡು ಗಾಡಿ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ಕ್ಲಚ್ ಬಿಟ್ಟರೆ ಎಂಜಿನ್ ಸಾಯುತ್ತದೆ ಎಂದರೆ ಎರಡು ಗೇರ್ ಒಟ್ಟಿಗೆ ಬಿದ್ದಿವೆ. ಲಿವರನ್ನು ಪೈಪ್ ಹಾಕಿ ಎಳೆಯಬೇಡಿ. ಕವರ್ ತೆಗೆದರೆ ಒಳಗೆ ಎರಡು ಜರುಗುವ ಗೇರುಗಳೂ ಬೇರೆಬೇರೆ ದಿಕ್ಕಿಗೆ ಹೋಗಿ ಕೂತಿರುವುದು ಕಣ್ಣಿಗೇ ಕಾಣುತ್ತದೆ. ಸ್ಕ್ರೂಡ್ರೈವರಿನಿಂದ ಎರಡನ್ನೂ ನಡುವಿಗೆ, ಅಂದರೆ ನ್ಯೂಟ್ರಲ್‌ಗೆ ತನ್ನಿ. ಕವರಿನ ಫೋರ್ಕುಗಳನ್ನೂ ನ್ಯೂಟ್ರಲ್‌ನಲ್ಲಿಟ್ಟು ಕೂರಿಸಿದರೆ ಮನೆ ಸೇರಬಹುದು. ಆದರೆ ಕಾರಣ ಉಳಿದೇ ಇರುತ್ತದೆ. ಫೋರ್ಕುಗಳನ್ನು ಹೊತ್ತು ಜರುಗುವ ಎರಡು ರೇಲುಗಳ ನಡುವೆ ಒಂದು ಪುಟ್ಟ ಇಂಟರ್‌ಲಾಕ್ ಪ್ಲಂಜರ್ ಇದೆ, ಒಂದು ರೇಲು ಜರುಗಿದಾಗ ಇನ್ನೊಂದನ್ನು ಬೀಗ ಹಾಕಿದಂತೆ ಹಿಡಿಯುವುದು ಅದರ ಕೆಲಸ. ಹಿಂದೆ ಯಾರೋ ಕವರ್ ಬಿಚ್ಚಿದಾಗ ಉರುಳಿ ಕಳೆದಿರಬಹುದು, ಇಲ್ಲವೇ ಸವೆದು ಗಿಡ್ಡವಾಗಿರಬಹುದು. ಕವರ್ ಬಿಚ್ಚುವಾಗ ರೇಲನ್ನು ಜಾಗದಲ್ಲಿ ಹಿಡಿಯುವ ಪಾಪೆಟ್ ಬಾಲು, ಸ್ಪ್ರಿಂಗುಗಳೂ ಹಾರುತ್ತವೆ. ಕೆಳಗೆ ಒಂದು ಬಿಳಿ ಪಂಚೆ ಹಾಸಿಕೊಂಡು ಕೂತರೆ ಹುಲ್ಲಿನಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ.

ಎರಡನೇ ಗೇರ್ ಹಾರಿದರೆ

ಈ ಬಾಕ್ಸಿನ ಹೆಸರಾಂತ ಕಾಯಿಲೆ ಇದು. ಘಾಟಿ ಇಳಿಯುವಾಗ ಎರಡರಲ್ಲಿ ಎಂಜಿನ್ ತಡೆಯಿಟ್ಟು ಬರುತ್ತಿರುತ್ತೀರಿ, ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ, ಗಾಡಿ ಹಗುರಾಗಿ ಓಡತೊಡಗುತ್ತದೆ. ಲಿವರನ್ನು ಮೊಣಕಾಲಿನಿಂದ ಒತ್ತಿಹಿಡಿದು ಓಡಿಸುವ ಹಳಬರಿದ್ದಾರೆ. ಅದು ಫೋರ್ಕನ್ನು ಇನ್ನಷ್ಟು ತಿನ್ನುತ್ತದೆಯೇ ಹೊರತು ರೋಗ ವಾಸಿಯಾಗದು.

ಕಾರಣಗಳನ್ನು ಈ ಅನುಕ್ರಮದಲ್ಲೇ ತಳ್ಳಿಹಾಕುತ್ತ ಬನ್ನಿ. ಲಿವರ್ ಗೇರಿನಲ್ಲಿದ್ದಾಗ ನೆಲದ ತಗಡಿಗೋ ರಬ್ಬರ್ ಬೂಟಿಗೋ ತಾಗುತ್ತಿದೆಯೇ? ತಾಗಿದರೆ ಗೇರ್ ಪೂರ್ತಿ ಬಿದ್ದಿರುವುದೇ ಇಲ್ಲ. ಬಾಕ್ಸಿನಿಂದ ಬೆಲ್ ಹೌಸಿಂಗಿಗೆ, ಅಂದರೆ ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚಕ್ಕೆ ಹೋಗುವ ಬೋಲ್ಟುಗಳು, ಟ್ರಾನ್ಸ್‌ಫರ್ ಕೇಸಿನ ಬೋಲ್ಟುಗಳು, ಕೆಳಗಿನ ರಬ್ಬರ್ ಬಿಗಿಯಿವೆಯೇ? ಒಂದು ಬೋಲ್ಟ್ ಸಡಿಲವಿದ್ದರೂ ಬಾಕ್ಸ್ ಓರೆಯಾಗಿ ಗೇರುಗಳು ಒಂದನ್ನೊಂದು ಹೊರಗೆ ನೂಕುತ್ತವೆ. ನಂತರ ಪಾಪೆಟ್ ಸ್ಪ್ರಿಂಗ್, ದುರ್ಬಲವಾಗಿದ್ದರೆ ಹೊಸದು. ಫೋರ್ಕಿನ ತುದಿ ಸವೆದಿದೆಯೇ, ಬಗ್ಗಿದೆಯೇ, ಅದನ್ನು ರೇಲಿಗೆ ಹಿಡಿದ ಸ್ಕ್ರೂ ಸಡಿಲವಾಗಿದೆಯೇ. ಇವೆಲ್ಲ ಬಾಕ್ಸ್ ಜಾಗದಲ್ಲಿರುವಾಗಲೇ ಆಗುವ ಕೆಲಸಗಳು.

ಉಳಿದವಕ್ಕೆ ಬಾಕ್ಸ್ ಇಳಿಯಲೇಬೇಕು: ಸವೆದ ಬೇರಿಂಗುಗಳು, ಮೇನ್ ಶಾಫ್ಟಿನಲ್ಲಿ ಎರಡನೇ ಗೇರಿನ ಹಿಂದೆ ಮುಂದಿನ ಆಟ, ಸಿಂಕ್ರೊ ಸ್ಲೀವಿನ ಒಳಹಲ್ಲು ಓರೆಯಾಗಿ ಸವೆದಿರುವುದು. ಹೊಸ ಸಾಮಾನು ಹಾಕಿದ ಮೇಲೂ ಹಾರುತ್ತಿದ್ದರೆ ಬೆಲ್ ಹೌಸಿಂಗ್ ಕ್ರ್ಯಾಂಕ್ ಶಾಫ್ಟಿನ ನಡುಗೆರೆಗೆ ಸರಿಯಾಗಿ ಕೂತಿಲ್ಲ. ಫ್ಲೈವೀಲಿಗೆ ಡಯಲ್ ಗೇಜ್ ಹಚ್ಚಿ ಹೌಸಿಂಗಿನ ತೂತಿನ ಸುತ್ತ ಓಡಿಸಿ ನೋಡಿಸಿ, ಏರುಪೇರು ಐದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಐದು ಪಾಲಿನ ಒಳಗಿರಲಿ.

ಇಳಿಸಲೇಬೇಕಾದಾಗ

ಬಾಕ್ಸೂ ಟ್ರಾನ್ಸ್‌ಫರ್ ಕೇಸೂ ಜೋಡಿಯಾಗಿಯೇ ಇಳಿಯುತ್ತವೆ. ಎಣ್ಣೆ ಇಳಿಸಿ, ಎರಡೂ ಪ್ರೊಪೆಲರ್ ಶಾಫ್ಟ್ ಬಿಚ್ಚಿ, ಲಿವರುಗಳು, ಸ್ಪೀಡೋಮೀಟರ್ ಕೇಬಲ್, ಕ್ಲಚ್ ಮತ್ತು ಬ್ರೇಕಿನ ಜೋಡಣೆ ಕಳಚಿ, ಎಂಜಿನ್ನಿನ ಹಿಂಭಾಗಕ್ಕೆ ಆಸರೆ ಕೊಟ್ಟು, ಆಮೇಲೆ ಅಡ್ಡಪಟ್ಟಿ. ಬಾಕ್ಸ್ ನೇರ ಹಿಂದಕ್ಕೆ ಬರಬೇಕು. ಅದರ ಭಾರ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡಿದರೆ ಕ್ಲಚ್ ಪ್ಲೇಟ್ ಬಗ್ಗುತ್ತದೆ, ಆಗ ಹೊಸ ಕಾಯಿಲೆಯನ್ನು ನೀವೇ ತಂದಂತೆ.

ಎರಡನ್ನೂ ಬೇರೆ ಮಾಡುವಾಗ ಒಂದು ಹಳೆಯ ಜಾಣ್ಮೆ ಇದೆ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಮುಚ್ಚಳ ತೆಗೆದು ಮೇನ್ ಶಾಫ್ಟಿನ ನಟ್ ಮತ್ತು ಗೇರ್ ಬಿಚ್ಚಿದ ಮೇಲೆ, ಬಾಕ್ಸಿನ ಮೇಲ್ಬಾಯಿಯಿಂದ ಒಂದು ತಂತಿ ಇಳಿಸಿ, ಎರಡನೇ ಗೇರಿನ ಹಿಂದೆ ಮೇನ್ ಶಾಫ್ಟಿಗೆ ಸುತ್ತಿ ಹೊರಗೆ ಬಿಗಿಯಾಗಿ ಕಟ್ಟಿ. ಕಟ್ಟದೆ ಎಳೆದರೆ ಶಾಫ್ಟೂ ಹಿಂದೆ ಬರುತ್ತದೆ, ಮುಂದಿನ ಬೇರಿಂಗಿನ ರೋಲರುಗಳು ಕೇಸಿನೊಳಗೆ ಕಾಳಿನಂತೆ ಉದುರುತ್ತವೆ. ಉದುರಿದರೆ ಎಣಿಸಿ, ಒಂದು ಕಡಿಮೆಯಾದರೂ ಮುಚ್ಚಬೇಡಿ.

ಒಳಗೆ ಕೈಹಾಕಿದ ಮೇಲೆ ಸಿಂಕ್ರೊ ರಿಂಗನ್ನು ಅದರ ಕೋನಿನ ಮೇಲಿಟ್ಟು ಒತ್ತಿ ತಿರುಗಿಸಿ. ಕಚ್ಚಿಹಿಡಿದರೆ ಒಳ್ಳೆಯದು. ತಟ್ಟೆಯ ಮೇಲೆ ಬಳೆ ತಿರುಗಿದಂತೆ ಜಾರಿದರೆ ಒಳಗಿನ ಸಣ್ಣ ಗೆರೆಗಳು ಸವೆದುಹೋಗಿವೆ, ಬದಲಿಸಿ. ಪೈಲಟ್ ಬುಶ್ಶನ್ನು ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸಿ. ಹಾಕುವ ಮುನ್ನ ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ. ಸೀಲು, ರಿಲೀಸ್ ಬೇರಿಂಗ್ ಕೂಡ ಹೊಸದಿರಲಿ. ಬೆಲ್ ಹೌಸಿಂಗಿನ ಅಡಿಯ ತೂತು ಮಣ್ಣು ಮುಚ್ಚಿದ್ದರೆ ಬಿಡಿಸಿ, ಇಲ್ಲದಿದ್ದರೆ ಸೋರಿದ ಎಣ್ಣೆ ಅಲ್ಲೇ ನಿಂತು ಪ್ಲೇಟಿಗೆ ಹತ್ತುತ್ತದೆ.

ಪಕ್ಕದ ಎರಡು ಗಿಡ್ಡ ಲಿವರುಗಳು

ಟ್ರಾನ್ಸ್‌ಫರ್ ಕೇಸಿನ ದೂರುಗಳಲ್ಲಿ ಅರ್ಧ ದೂರುಗಳೇ ಅಲ್ಲ. ಲೋ ಬೀಳುತ್ತಿಲ್ಲವೇ? ಮುಂದಿನ ಆಕ್ಸಲ್ ಸೇರಿಸದೆ ಲೋ ಬೀಳದಂತೆ ಒಳಗೇ ತಡೆ ಇಟ್ಟಿದ್ದಾರೆ. 1.97 ಪಟ್ಟು ಹೆಚ್ಚುವ ತಿರುಗುಬಲ ಹಿಂದಿನ ಆಕ್ಸಲ್ ಒಂದರ ಮೇಲೇ ಬೀಳದಿರಲಿ ಎಂದು. ಯಾವ ಗೇರ್ ಹಾಕಿದರೂ ಗಾಡಿ ಹೊರಡದಿದ್ದರೆ ಆ ಲಿವರ್ ನಡುವೆ, ನ್ಯೂಟ್ರಲ್‌ನಲ್ಲಿ ಇರಬಹುದು. ಮಕ್ಕಳು ಆಡಿ ಹೋದ ಜೀಪಿನಲ್ಲಿ ಇದನ್ನೇ ಮೊದಲು ನೋಡಬೇಕು.

ಮುಂದಿನ ಆಕ್ಸಲಿನ ಲಿವರ್ ಹೊರಬಾರದಿದ್ದರೆ, ನೀವು ಟಾರು ರಸ್ತೆಯಲ್ಲಿ ನಾಲ್ಕು ಚಕ್ರದ ಓಟದಲ್ಲಿ ಬಂದಿರುತ್ತೀರಿ. ಇದರಲ್ಲಿ ಮಧ್ಯದ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗುತ್ತವೆ, ಕೆಸರಿದ್ದರೆ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಆ ವ್ಯತ್ಯಾಸ ಶಾಫ್ಟುಗಳಲ್ಲಿ ಹುರಿಯಂತೆ ಸುತ್ತಿಕೊಂಡು ಗೇರನ್ನು ಹಿಡಿಯುತ್ತದೆ. ನಾಲ್ಕಾರು ಅಡಿ ನೇರ ರಿವರ್ಸ್ ತೆಗೆದುಕೊಂಡು, ಹುರಿ ಬಿಟ್ಟೊಡನೆ ಲಿವರ್ ಎಳೆಯಿರಿ. ಕೆಸರಲ್ಲೂ ಪದೇಪದೇ ಹಿಡಿಯುತ್ತಿದ್ದರೆ ಟಯರುಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ಮುಂದೆ ಹೊಸ 6.00-16, ಹಿಂದೆ ಬೋಳಾದ ಹಳೆಯದು ಇದ್ದರೂ ಸಾಕು, ಇದೇ ಗೋಳು.

ಎಲ್ಲ ಕೂರಿಸಿದ ಮೇಲೆ ನೇರ ಘಾಟಿಗೆ ಹೋಗಬೇಡಿ. ಮೊದಲು ಚಕ್ರಗಳು ಮೇಲಿರುವಾಗ, ನಾಲ್ಕೂ ಸ್ಟ್ಯಾಂಡಿನ ಮೇಲೆ, ಎಲ್ಲ ಗೇರು ಹಾಕಿ ನೋಡಿ. ಆಮೇಲೆ ಹತ್ತು ಕಿಲೋಮೀಟರ್ ಸಮ ರಸ್ತೆ. ಬಂದು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಫ್ರೀ ಪ್ಲೇ ಮತ್ತೊಮ್ಮೆ ಅಳೆಯಿರಿ. ಹೊಸ ಪ್ಲೇಟು ಕೂರುತ್ತಾ ಹೋದಂತೆ ಆ ಮುಕ್ಕಾಲು ಇಂಚು ಕಡಿಮೆಯಾಗುತ್ತದೆ.